ಅಂಚೆಯಲ್ಲಿ ಬಂದ ಉಗುರಿನ ವಿದ್ಯೆ

ಪಿಯುಸಿ ಎರಡನೇ ವರ್ಷ ಇಂಗ್ಲಿಷಿನಲ್ಲಿ ನಪಾಸಾಗಿ ನಾನು ಚಿಕ್ಕೋಡಿಯ ಮನೆಯಲ್ಲಿ ಕುಳಿತಿದ್ದೆ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅಪ್ಪ ಊರಿನ ಒಂದು ಸರ್ಕಾರಿ ಕಚೇರಿಯಲ್ಲಿ ಜವಾನ. ಅವ್ವ ಹಂಗಾಮು ಬಂದಾಗ ಕಬ್ಬಿನ ಕಳೆ ತೆಗೆಯಲು, ತಂಬಾಕಿನ ಚಿಗುರು ಚಿವುಟಲು ಹೊಲಗಳಿಗೆ ಹೋಗುತ್ತಿದ್ದಳು. ನಮ್ಮದು ಬೌದ್ಧರ ಓಣಿ. ಅಜ್ಜನ ಕಾಲದಲ್ಲಿ, ನಾವಿನ್ನೂ ಬೌದ್ಧರಾಗದಿದ್ದಾಗ, ಅದು ಊರ ಹೊರಗಿನ ಕೇರಿ. ಅಪ್ಪನ ಕಾಲಕ್ಕೆ ಊರೇ ಬೆಳೆದು ನಮ್ಮನ್ನು ದಾಟಿಕೊಂಡು ಮುಂದೆ ಹೋಗಿತ್ತು. ಆದರೂ ಜನರ ಮನಸ್ಸಿನಲ್ಲಿ ಓಣಿ ಹಳೆಯ ಜಾಗದಲ್ಲೇ ಇತ್ತು.

ಓಣಿಯ ಮದುವೆಗಳಲ್ಲಿ ಮದರಂಗಿ ಹಚ್ಚುವುದು ನನ್ನ ಕೆಲಸವಾಗಿತ್ತು. ಹಚ್ಚುತ್ತ ಹಚ್ಚುತ್ತ ನನ್ನ ಕಣ್ಣು ಅಂಗೈಗಿಂತ ಹೆಚ್ಚಾಗಿ ಉಗುರಿನ ಮೇಲೆ ನಿಲ್ಲುತ್ತಿತ್ತು. ಒಬ್ಬಳದು ಸೀಳಿರುತ್ತಿತ್ತು, ಇನ್ನೊಬ್ಬಳದು ಕಚ್ಚಿ ಕಚ್ಚಿ ಮೊಂಡಾಗಿರುತ್ತಿತ್ತು. ಅವನ್ನು ಕತ್ತರಿಸಿ, ಅಂಚು ಉಜ್ಜಿ, ಬಣ್ಣ ಹಚ್ಚಿ ಕೊಡುತ್ತಿದ್ದೆ. ಒಬ್ಬರ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತರೆ ಅವರು ತಾವಾಗಿಯೇ ಮಾತಾಡತೊಡಗುತ್ತಾರೆ ಎಂಬುದು ನನಗೆ ಆಗಲೇ ಗೊತ್ತಾಗಿತ್ತು. ಇದನ್ನೇ ಸರಿಯಾಗಿ ಕಲಿಯಬೇಕು ಎಂಬ ಆಸೆ ಅಲ್ಲಿಂದ ಹುಟ್ಟಿತು. ಬ್ಯೂಟಿ ಪಾರ್ಲರ್ ಎಂಬ ಹಲಗೆ ಕೊಲ್ಲಾಪುರದಲ್ಲಿ, ಬೆಳಗಾವಿಯಲ್ಲಿ ಕಾಣುತ್ತಿದ್ದ ಕಾಲ. ನಮ್ಮ ಕಡೆಗೆ ಅದು ಇನ್ನೂ ದಾರಿಯಲ್ಲಿತ್ತು.

ಕಲಿಯಲು ಎರಡು ದಾರಿ ಇದ್ದವು. ಅಪ್ಪ ಕಚೇರಿಯಿಂದ ಚುರುಮುರಿ ಕಟ್ಟಿಸಿಕೊಂಡು ಬಂದ ಮರಾಠಿ ವಾರಪತ್ರಿಕೆಯ ಹಾಳೆಯಲ್ಲಿ ಒಂದು ಜಾಹೀರಾತು ಇತ್ತು: ಮನೆಯಲ್ಲೇ ಕುಳಿತು ಕೈ, ಕಾಲು, ಉಗುರುಗಳ ಆರೈಕೆ ಕಲಿಯಿರಿ, ಪುಸ್ತಕ ಮತ್ತು ಸಾಮಾನು ಅಂಚೆಯಲ್ಲಿ ಬರುತ್ತದೆ, ಕೊನೆಗೆ ಸರ್ಟಿಫಿಕೇಟು. ಇನ್ನೊಂದು ದಾರಿ ನಿಪ್ಪಾಣಿಯದು. ಕೊಲ್ಲಾಪುರದ ಕಡೆಯಿಂದ ಬಂದ ಒಬ್ಬ ಹೆಂಗಸು ಅಲ್ಲಿ ಅಂಗಡಿಯೊಂದರ ಮಾಳಿಗೆಯಲ್ಲಿ ಪಾರ್ಲರ್ ತೆರೆದು, ಮಧ್ಯಾಹ್ನ ಹುಡುಗಿಯರಿಗೆ ಕ್ಲಾಸು ನಡೆಸುತ್ತಿದ್ದಳು. ಎಲ್ಲರೂ ಆಕೆಯನ್ನು ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು.

ಅಪ್ಪನದು ಅಂಚೆಯ ಕಡೆ ಮನಸ್ಸು.

"ಮನ್ಯಾಗ ಕುಂತು ಕಲೀಬಹುದು. ಬಸ್ಸಿಗೆ ನಿಂದ್ರೂದು ಬ್ಯಾಡ, ಯಾರ ಬಾಯಿಗೂ ಬೀಳೂದು ಬ್ಯಾಡ," ಎಂದ.

ಅವ್ವ ರೊಟ್ಟಿ ಬಡಿಯುತ್ತಿದ್ದಳು. ತಲೆ ಎತ್ತಲಿಲ್ಲ. "ರೊಟ್ಟಿ ಬಡಿಯೂದು ಅಂಚ್ಯಾಗ ಬರತೈತೇನು?"

"ರೊಟ್ಟಿ ಬ್ಯಾರೆ, ಇದು ಬ್ಯಾರೆ."

"ಎರಡೂ ಕೈಲೇನ ಮಾಡೂದಲ್ಲ."

ಅಪ್ಪ ನನ್ನ ಕಡೆ ನೋಡಿದ. ನಾನು ಅಂಚೆಯೇ ಆಗಲಿ ಎಂದೆ. ನಪಾಸಾದವಳಿಗೆ ಕ್ಲಾಸು ಎಂಬ ಶಬ್ದವೇ ಹೆದರಿಕೆ. ಗೊತ್ತಿಲ್ಲದ ಹುಡುಗಿಯರ ನಡುವೆ ಬೆಂಚಿನ ಮೇಲೆ ಕೂತು ಮತ್ತೆ ತಪ್ಪು ಮಾಡುವುದಕ್ಕಿಂತ ನಮ್ಮ ಪಡಸಾಲೆಯಲ್ಲಿ ತಪ್ಪು ಮಾಡುವುದು ಮೇಲು ಅನ್ನಿಸಿತ್ತು.

ಪಾರ್ಸೆಲ್ ಬಂದ ದಿನ ಓಣಿಯ ಹುಡುಗಿಯರೆಲ್ಲ ನಮ್ಮ ಮನೆಗೆ ಬಂದರು. ಪೆಟ್ಟಿಗೆಯಲ್ಲಿ ಉಗುರು ಉಜ್ಜುವ ಫೈಲರುಗಳು, ಹೊಳಪು ಕೊಡುವ ತೊಗಲಿನ ಬಫರು, ತುದಿ ಚೂಪಾದ ಕಟ್ಟಿಗೆಯ ಕಡ್ಡಿ, ಉಗುರಿನ ಬುಡದ ತೆಳು ಚರ್ಮವನ್ನು ಹಿಂದಕ್ಕೆ ಸರಿಸುವ ಉಕ್ಕಿನ ಸಣ್ಣ ಸಲಿಕೆಯಂಥದು, ಮೂರ್ನಾಲ್ಕು ಬಣ್ಣದ ಸೀಸೆಗಳು ಇದ್ದವು. ಪುಸ್ತಕ ಹಿಂದಿಯಲ್ಲಿತ್ತು. ನಾನು ಕನ್ನಡ ಶಾಲೆಯವಳು. ಮರಾಠಿ ಮಾತಾಡುತ್ತಿದ್ದೆನಾದರೂ ಎರಡಕ್ಕೂ ಒಂದೇ ಆದ ಆ ಅಕ್ಷರ ಓದುವುದು ನಿಧಾನ. ಆದರೆ ಚಿತ್ರಗಳಿದ್ದವು. ಪ್ರತಿ ಪುಟದಲ್ಲೂ ಅದೇ ಒಂದು ಕೈ, ಉದ್ದ ಬೆರಳಿನದು, ಒಂದು ಗೀರೂ ಇಲ್ಲದ್ದು. ಆ ಕೈ ಎಂದೂ ಸಗಣಿ ತಟ್ಟಿರಲಿಲ್ಲ, ಕಬ್ಬಿನ ಒಣಗರಿಯ ರವದಿ ಎಳೆದಿರಲಿಲ್ಲ.

ನಾನು ಪಾಠ ಓದಿದೆ, ಪ್ರಶ್ನೆಗಳಿಗೆ ಉತ್ತರ ಬರೆದು ಕಳಿಸಿದೆ. ಒಳ್ಳೆಯ ಅಂಕಗಳು ಬಂದವು. ಅಪ್ಪ ಅವನ್ನು ಕಚೇರಿಯಲ್ಲಿ ತೋರಿಸಿಕೊಂಡು ಬಂದ. ಇನ್ನು ಕೈಯಿಂದ ಮಾಡುವ ಪಾಠ ಬಂತು. ಮಾಡಲು ಒಂದು ಕೈ ಬೇಕು. ಮನೆಯಲ್ಲಿದ್ದದ್ದು ಅವ್ವನ ಕೈ.

ಅವತ್ತು ಅವಳು ತಂಬಾಕಿನ ಹೊಲದಿಂದ ಬಂದಿದ್ದಳು. ಚಿಗುರು ಚಿವುಟಿದವರ ಬೆರಳಿಗೆ ಒಂದು ಅಂಟು ಮೇಣ ಹತ್ತಿಕೊಳ್ಳುತ್ತದೆ. ಒಣಗಿದರೆ ಕಪ್ಪಾಗಿ ಉಗುರಿನ ಸಂದಿಯಲ್ಲಿ ಕೂತುಬಿಡುತ್ತದೆ. ಸೋಪಿಗೆ ಹೋಗುವುದಿಲ್ಲ. ನಾನು ಬೋಗುಣಿಯಲ್ಲಿ ಬಿಸಿನೀರು ಇಟ್ಟು ಕರೆದಾಗ ಅವಳು ಕೈಗಳನ್ನು ಸೆರಗಿನಲ್ಲಿ ಒರೆಸಿಕೊಂಡಳು.

"ಎಂಥಾ ಹೊಲಸ ಕೈ ಅದಾವ ನೋಡು. ಯಾರರ ಸಣ್ಣ ಹುಡುಗೀನ ಕರಿ."

"ನಿನ್ನ ಕೈನ ಬೇಕು ನನಗ," ಎಂದೆ.

ನಾಚಿಕೊಂಡೇ ಕೂತಳು. ಬಿಸಿನೀರಿನಲ್ಲಿ ಕೈ ಇಟ್ಟು ಸುಮ್ಮನೆ ಕೂರುವುದು ಅವಳಿಗೆ ಗೊತ್ತಿರಲಿಲ್ಲ. ಬೋಗುಣಿಯೊಳಗೇ ಒಂದು ಕೈಯಿಂದ ಇನ್ನೊಂದನ್ನು ತಿಕ್ಕತೊಡಗಿದಳು. ಪುಸ್ತಕ ತೊಡೆಯ ಮೇಲೆ ತೆರೆದಿಟ್ಟುಕೊಂಡು ನಾನು ಉಗುರಿನ ಬುಡದ ಚರ್ಮ ಸರಿಸಲು ಹೊರಟೆ. ಹಗುರವಾಗಿ ಒತ್ತಬೇಕು ಎಂದು ಬರೆದಿತ್ತು. ಹಗುರ ಎಂದರೆ ಎಷ್ಟು? ಅವ್ವನ ಚರ್ಮ ಗಡಸು, ಚಿತ್ರದಲ್ಲಿದ್ದಂತೆ ಸರಿಯಲಿಲ್ಲ. ಒತ್ತಿದೆ. ಇನ್ನೂ ಒತ್ತಿದೆ. ಅವಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ನೋವನ್ನು ಬಾಯಲ್ಲಿ ಹೇಳುವ ರೂಢಿ ಅವಳಿಗಿರಲಿಲ್ಲ, ನಾನೋ ಪುಸ್ತಕದಿಂದ ಕಣ್ಣು ತೆಗೆಯಲಿಲ್ಲ.

ಕೆಲವೇ ದಿನಗಳಲ್ಲಿ ಅವಳ ತೋರುಬೆರಳು ಬಾತುಕೊಂಡಿತು. ಉಗುರುಸುತ್ತು. ಪಕ್ಕದ ಮನೆಯವರು ಹೇಳಿದಂತೆ ಲಿಂಬೆಹಣ್ಣಿಗೆ ತೂತು ಮಾಡಿ ಬೆರಳಿಗೆ ತೊಡಿಸಿದೆವು. ಲಿಂಬೆ ತೊಟ್ಟ ಬೆರಳನ್ನು ಮೇಲೆತ್ತಿ ಹಿಡಿದುಕೊಂಡು ಅವಳು ಒಂದೇ ಕೈಯಿಂದ ಒಲೆ ಊದಿದಳು. ಕೊನೆಗೆ ದವಾಖಾನೆಯಲ್ಲಿ ಕೊಯ್ದು ಕೀವು ತೆಗೆಸಬೇಕಾಯಿತು. ಕಳೆ ತೆಗೆಯುವ ಹಂಗಾಮು ಅವಳಿಲ್ಲದೆ ಕಳೆಯಿತು.

ಬೈಯುತ್ತಾಳೆ ಅಂದುಕೊಂಡಿದ್ದೆ. ಬೈಯಲಿಲ್ಲ. ದವಾಖಾನೆಯಿಂದ ಬಂದ ಸಂಜೆ ಅಪ್ಪನಿಗೆ ಹೇಳಿದಳು: "ಇಕೀನ್ನ ನಿಪ್ಪಾಣಿಗೆ ಕಳಸು. ಪುಸ್ತಕಕ್ಕ ಬ್ಯಾನಿ ಗೊತ್ತಾಗೂದಿಲ್ಲ."

ಅಪ್ಪ ಅಂಗಿ ಕಳಚಿ ಗೂಟಕ್ಕೆ ಹಾಕಿದ. ಆಮೇಲೆ ನನ್ನ ಕಡೆ ನೋಡದೆ ಅವ್ವನಿಗೆ ಹೇಳಿದ.

"ಅಲ್ಲಿ ಹುಡಿಗೇರು ಒಬ್ಬರ ಕೈ ಒಬ್ಬರು ಹಿಡದು ಕಲೀತಾರಂತ. ಇಕಿ ಕೈಯಾಗ ಯಾರು ಕೈ ಕೊಡ್ತಾರ?"

ಬಸ್ಸು, ಮಂದಿಯ ಬಾಯಿ ಎಲ್ಲ ನೆಪ, ನಿಜವಾದ ಮಾತು ಇದು ಎಂದು ನನಗೆ ಆಗ ತಿಳಿಯಿತು. ಅವನು ಕಚೇರಿಯಲ್ಲಿ ದಿನವೂ ಇದನ್ನು ನೋಡುತ್ತಿದ್ದವನು. ಮಗಳು ಅದನ್ನು ನೋಡುವುದು ಬೇಡವಾಗಿತ್ತು.

ಅವ್ವ ಪಟ್ಟಿ ಕಟ್ಟಿದ ಬೆರಳನ್ನು ನೋಡಿಕೊಳ್ಳುತ್ತ, "ಕೊಡಲಿಲ್ಲ ಅಂದ್ರ ತಿರುಗಿ ಬರ್ತಾಳ. ಬಸ್ಸು ಎರಡೂ ಕಡಿ ಓಡತಾವ," ಎಂದಳು.

ನಿಪ್ಪಾಣಿಯಲ್ಲಿ ಬಸ್ಸಿನಿಂದ ಇಳಿದರೆ ಮೊದಲು ಮೂಗಿಗೆ ತಂಬಾಕು. ವಖಾರಿಗಳಿಂದ, ತಂಬಾಕು ತುಂಬಿದ ಗೋದಾಮುಗಳಿಂದ, ಬರುವ ಆ ಘಾಟು ಊರಿನವರಿಗೆ ಗೊತ್ತೇ ಆಗುವುದಿಲ್ಲ, ಹೊರಗಿನವರು ಸೀನುತ್ತ ನಡೆಯುತ್ತಾರೆ. ಕಾಕುವಿನ ಮಾಳಿಗೆಯ ಮೆಟ್ಟಿಲನ್ನು ನಾನು ಸೀನುತ್ತಲೇ ಹತ್ತಿದೆ. ಒಂದು ಉದ್ದನೆಯ ಕೋಣೆ, ಗೋಡೆಗೆ ದೊಡ್ಡ ಕನ್ನಡಿ, ನೆಲಕ್ಕೆ ಜಮಖಾನೆ, ಅಲ್ಲಿ ಏಳೆಂಟು ಹುಡುಗಿಯರು. ಕಾಕು ಗಟ್ಟಿಮುಟ್ಟಾದ ಹೆಂಗಸು. ಮರಾಠಿಯನ್ನೂ ಕನ್ನಡವನ್ನೂ ಒಂದೇ ಉಸಿರಿನಲ್ಲಿ ಕಲಸಿ ಆಡುವವಳು. ಇಬ್ಬಿಬ್ಬರು ಎದುರುಬದುರು ಕೂತುಕೊಳ್ಳಿ ಎಂದಳು.

ನನ್ನೆದುರು ಕೂತ ಹುಡುಗಿ ಮೊಣಕಾಲ ಮೇಲೆ ಟವೆಲ್ ಹಾಸಿ ಕೈ ಇಟ್ಟಳು. ನಾನು ಫೈಲರು ತೆಗೆದುಕೊಂಡೆ.

"ಯಾವ ಊರು?" ಎಂದು ಕೇಳಿದಳು.

"ಚಿಕ್ಕೋಡಿ."

"ಯಾರ ಪೈಕಿ?"

ಹೇಳಿದೆ. ಅವಳು ಮುಖ ಗಂಟಿಕ್ಕಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ನನಗ ಇವತ್ತ ಬೆರಳ ನೋಯಾಕತ್ತೈತಿ," ಎಂದು ಕೈ ಹಿಂದಕ್ಕೆ ತೆಗೆದುಕೊಂಡು ಬೇರೆ ಜೋಡಿಯ ಹತ್ತಿರ ಹೋಗಿ ಕೂತಳು. ಅವಳ ಮೇಲೆ ನನಗೆ ಈಗ ಸಿಟ್ಟಿಲ್ಲ. ಅವಳೂ ನನ್ನದೇ ವಯಸ್ಸಿನವಳು. ಮನೆಯಲ್ಲಿ ಕಲಿಸಿದ್ದನ್ನು ಮಾಡಿದಳು, ಅದೂ ನಾಚಿಕೊಂಡು ಮಾಡಿದಳು. ಆದರೆ ಆಗ ನನ್ನ ಮುಂದೆ ಖಾಲಿ ಟವೆಲ್ ಇತ್ತು, ಬಾಗಿಲ ಕಡೆ ನನ್ನ ಕಣ್ಣು ಹೋಗಿತ್ತು.

ಕಾಕು ಅದನ್ನು ನೋಡಿದ್ದಳು. ಸೀರೆ ಸರಿಮಾಡಿಕೊಂಡು ಬಂದು ನನ್ನೆದುರು ಕೂತು, ತನ್ನ ಕೈಯನ್ನು ಟವೆಲ್ ಮೇಲಿಟ್ಟಳು.

"ನಂದು ಮಾಡು ಮಗಳ. ದಿನಾ ಮಂದೀದು ಮಾಡಿ ಮಾಡಿ ನನ್ನ ಉಗುರು ಹೆಂಗಾಗ್ಯಾವ ನೋಡು. ಇವನ್ನ ಮಾಡವರ ಇಲ್ಲ."

ಉಕ್ಕಿನ ಸಲಿಕೆಯನ್ನು ಅವಳ ಉಗುರಿನ ಬುಡಕ್ಕೆ ಇಟ್ಟು ನಿಂತುಬಿಟ್ಟೆ. ಅವ್ವನ ಬೆರಳು ಕಣ್ಣ ಮುಂದೆ ಬಂತು.

"ಯಾಕ ನಿಂತಿ?"

"ಎಷ್ಟು ಒತ್ತಬೇಕು ತಿಳೀವಲ್ದು ಕಾಕು."

ಅವಳು ಸಲಿಕೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ನನ್ನ ಹೆಬ್ಬೆರಳನ್ನು ಹಿಡಿದು, ನನ್ನದೇ ಉಗುರಿನ ಬುಡಕ್ಕೆ ಒತ್ತಿದಳು. ಬೆಕ್ಕು ಕಾಲಿಟ್ಟಂತೆ ಇತ್ತು. "ಇಷ್ಟು," ಎಂದಳು. ಇನ್ನೊಂದು ಚೂರು ಒತ್ತಿ, "ಇದು ಹೆಚ್ಚಾತು," ಎಂದಳು. ಆಮೇಲೆ ಮತ್ತೆ ನನ್ನ ಕೈಗೆ ಕೊಟ್ಟಳು. "ಈಗ ಮಾಡು. ಆದ್ರ ಉಗುರು ನೋಡಬ್ಯಾಡ, ನನ್ನ ಮಾರಿ ನೋಡು. ಬ್ಯಾನಿ ಆದ್ರೂ ಮಂದಿ ಬಾಯಿಲೆ ಇಲ್ಲ ಅಂತಾರ. ಹುಬ್ಬು ಸುಳ್ಳ ಹೇಳಂಗಿಲ್ಲ."

ನಾನು ಅವಳ ಹುಬ್ಬು ನೋಡುತ್ತ ಐದೂ ಬೆರಳು ಮುಗಿಸಿದೆ. ಅಂಚೆಯಲ್ಲಿ ತಿಂಗಳುಗಟ್ಟಲೆ ಬಾರದ್ದು ಆ ಒಂದು ಮಧ್ಯಾಹ್ನ ಬಂತು.

ಮರುದಿನ ಹೊಸಬಳೊಬ್ಬಳು ತಡವಾಗಿ ಬಂದಳು. ಬೋರಗಾಂವದ ಸೊಸೆ, ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಕಬ್ಬಿನ ಜಮೀನೂ ಮಗ್ಗಗಳೂ ಇದ್ದ ಒಕ್ಕಲುತನದ ದೊಡ್ಡ ಮನೆ. ಗಡಿಯಾಚೆಯ ಮರಾಠಿ ಶಾಲೆಯಲ್ಲಿ ಕಲಿತು ಇಲ್ಲಿಗೆ ಸೊಸೆಯಾಗಿ ಬಂದವಳು. ಬಲಗೈಯನ್ನು ಸೆರಗಿನ ಒಳಗೇ ಇಟ್ಟುಕೊಂಡು ನಿಂತಿದ್ದಳು. ಕೋಣೆಯಲ್ಲಿ ಜೋಡಿಯಿಲ್ಲದೆ ಕೂತವಳು ನಾನೊಬ್ಬಳೇ. ಬಂದು ನನ್ನೆದುರು ಕೂತಳು, ಆದರೆ ಎಡಗೈ ಮಾತ್ರ ಮುಂದೆ ಮಾಡಿದಳು.

ಎಡಗೈ ಮುಗಿಯಿತು. "ಇನ್ನೊಂದು ಕೊಡ್ರಿ ಅಕ್ಕಾ," ಎಂದೆ.

"ಅದು ಬ್ಯಾಡ."

"ಯಾಕ್ರಿ?"

ಅವಳು ಅತ್ತಿತ್ತ ನೋಡಿ ಸೆರಗು ಸರಿಸಿದಳು. ಉಂಗುರದ ಬೆರಳು, ಅದರ ಪಕ್ಕದ್ದು, ಎರಡರ ಉಗುರುಗಳೂ ಇದ್ದೂ ಇಲ್ಲದಂತಿದ್ದವು. ಚಿಕ್ಕವಳಿದ್ದಾಗ ಕಬ್ಬಿನ ಗಾಣದಲ್ಲಿ ಸಿಕ್ಕಿದ್ದವಂತೆ. ಗಂಟುಗಂಟಾಗಿ, ಡೊಂಕಾಗಿ ಬೆಳೆದಿದ್ದವು. ಇಂಥ ಕೈಯವಳು ಉಗುರಿನ ಕೆಲಸ ಕಲಿಯಲು ಬಂದಿದ್ದಾಳೆ ಎಂದು ಜನ ನಗುತ್ತಾರೆಂದು ಅವಳಿಗೆ ಹೆದರಿಕೆ.

ನಾನು ಮೊದಲು ನನ್ನದನ್ನು ಹೇಳಿಬಿಡುವುದು ಒಳ್ಳೆಯದು ಅನ್ನಿಸಿತು. "ಅಕ್ಕಾ, ನಾವು ಯಾರಂತ ನಿಮಗ..." ಎಂದು ಶುರು ಮಾಡಿದೆ.

"ಗೊತ್ತೈತಿ. ಮೆಟ್ಟಲದಾಗ ಒಬ್ಬಾಕಿ ಹೇಳಿದಳು." ಬಲಗೈಯನ್ನು ಟವೆಲ್ ಮೇಲಿಟ್ಟಳು. "ಸಾವಕಾಶ ಮಾಡು. ಅಲ್ಲಿ ಇನ್ನೂ ಜುಮ್ ಅಂತೈತಿ."

ಅಂದಿನಿಂದ ಅವಳು ಕ್ಲಾಸಿಗೆ ಬಂದಷ್ಟು ದಿನವೂ ನಮ್ಮ ಜೋಡಿ ಬದಲಾಗಲಿಲ್ಲ. ಅವಳ ಆ ಎರಡು ಉಗುರುಗಳ ಮೇಲೆ ನಾನು ಕಲಿತಷ್ಟು ಇನ್ಯಾವುದರ ಮೇಲೂ ಕಲಿಯಲಿಲ್ಲ. ದಿನಕ್ಕಿಷ್ಟು ಎಂದು ಉಜ್ಜಿ, ಎಣ್ಣೆ ಹಚ್ಚಿ ತಿಕ್ಕಿ, ಬಣ್ಣ ಹಚ್ಚಿದೆ. ಒಂದು ದಿನ ಅವಳು ಬಸ್‌ ಸ್ಟ್ಯಾಂಡಿನಲ್ಲಿ ಬಲಗೈಯಿಂದಲೇ ಕಂಡಕ್ಟರನಿಗೆ ಚಿಲ್ಲರೆ ಕೊಟ್ಟದ್ದನ್ನು ನೋಡಿದೆ. ನಾನು ನೋಡಿದ್ದು ಅವಳಿಗೆ ಗೊತ್ತಾಯಿತು.

ಒಂದು ವಾರ ಅವಳು ಬರಲಿಲ್ಲ. ಮುಂದಿನ ವಾರವೂ ಇಲ್ಲ. ಅದೇ ದಾರಿಯ ಬಸ್ಸಿನಲ್ಲಿ ಬರುವ ಹುಡುಗಿ ಸುದ್ದಿ ತಂದಳು: ಬಸುರಿಯಂತೆ, ಬಸ್ಸಿನ ಕುಲುಕಾಟ ಬೇಡ ಎಂದು ಮಾವ ಕ್ಲಾಸು ಬಿಡಿಸಿದನಂತೆ. ಕಾಕು ನಿಟ್ಟುಸಿರು ಬಿಟ್ಟಳು. "ಅರ್ಧಕ್ಕ ಬಿಟ್ಟವರು ತಿರುಗಿ ಬರೂದು ನಾ ನೋಡಿಲ್ಲ," ಎಂದಳು.

ಮನೆಯಲ್ಲಿ ಅಂಚೆಯ ಪುಸ್ತಕ ಕಪಾಟಿನ ಮೇಲೆ ಬಿದ್ದಿತ್ತು. ಅದನ್ನು ಅವಳಿಗೆ ಕೊಟ್ಟರೆ ಹೇಗೆ ಎಂದು ಅವ್ವನನ್ನು ಕೇಳಿದೆ. "ಕೊಟ್ಟು ಬಾ. ಬಸುರಿ ಮನಿ, ಬರಿಗೈಲೆ ಹೋಗಬ್ಯಾಡ," ಎಂದು ಅವ್ವ ಪೇರಲಹಣ್ಣು ಕಟ್ಟಿಕೊಟ್ಟಳು. ಶನಿವಾರ ಬೋರಗಾಂವಕ್ಕೆ ಹೋದೆ.

ಮನೆಯ ಮಗ್ಗಲಲ್ಲೇ ಮಗ್ಗಗಳು ಖಟಖಟ ಎನ್ನುತ್ತಿದ್ದವು. ಕಟ್ಟೆಯ ಮೇಲೆ ಅವಳ ಅತ್ತೆ ಒಂದು ಕಾಲು ಚಾಚಿಕೊಂಡು ಕೂತಿದ್ದಳು. ದೊಡ್ಡ ಮೂಗುತಿಯ, ಕಟ್ಟುನಿಟ್ಟಿನ ಮುಖದ ಮುದುಕಿ. ಯಾರು, ಎಲ್ಲಿಯವಳು, ಯಾರ ಪೈಕಿ, ಎಲ್ಲ ಕೇಳಿ ತಿಳಿದುಕೊಂಡು, "ಕುಂದ್ರು," ಎಂದು ಕಟ್ಟೆಯ ಕೆಳಗಿನ ಮಣೆ ತೋರಿಸಿದಳು. ಗೆಳತಿ ಹೊರಗೆ ಬಂದು ನನ್ನನ್ನು ನೋಡಿ ನಕ್ಕಳು, ಮಣೆ ನೋಡಿ ನಗು ನಿಂತಿತು. ಅತ್ತೆಯ ಕಡೆ ಒಮ್ಮೆ ನೋಡಿ, ಬಂದು ನನ್ನ ಪಕ್ಕದಲ್ಲಿ ನೆಲಕ್ಕೇ ಕೂತಳು. ಬಸುರಿ ಸೊಸೆ ಬರಿ ನೆಲಕ್ಕೆ ಕೂತದ್ದು ಮುದುಕಿಗೆ ಹಿಡಿಸಲಿಲ್ಲ. "ಚಾಪಿ ಹಾಸಿಕೋ," ಎಂದಳು. ಚಾಪೆ ಬಂತು. ನಾವಿಬ್ಬರೂ ಚಾಪೆಯ ಮೇಲೆ ಕೂತೆವು. ಚಹಾ ಬಂತು, ನನ್ನದು ಆಳುಗಳಿಗೆ ಇಟ್ಟ ಕಪ್ಪಿನಲ್ಲಿ. ಕುಡಿದೆ. ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದಿದ್ದೆ.

ಗೆಳತಿ ಪುಸ್ತಕ ತೆರೆದು ಗಡಗಡ ಓದತೊಡಗಿದಳು. ನಾನು ಬೆರಳಿಟ್ಟು ಓದುತ್ತಿದ್ದ ಹಿಂದಿ ಅವಳಿಗೆ ನೀರು ಕುಡಿದಂತೆ. ಚಿತ್ರಗಳಿಲ್ಲ ಎಂದು ನಾನು ಹಾರಿಸಿದ್ದ ಪುಟಗಳೇ ಅವಳಿಗೆ ಹೆಚ್ಚು ಹಿಡಿಸಿದವು. ಯಾವ ಉಗುರನ್ನು ಮುಟ್ಟಬಾರದು, ಯಾವುದಕ್ಕೆ ಡಾಕ್ಟರು ಬೇಕು, ಸಾಮಾನು ಹೇಗೆ ಕುದಿಸಬೇಕು ಎಂಬುದೆಲ್ಲ ಅಲ್ಲಿತ್ತು. ಅವಳು ಓದಿ ಹೇಳಿದಾಗ, ಕುದಿಸದ ಸಲಿಕೆ ಗೀರಿದ್ದರಿಂದ ಅವ್ವನ ಬೆರಳು ಕೀವಾಯಿತೆಂದು ನನಗೆ ಮೊದಲ ಬಾರಿ ಅರ್ಥವಾಯಿತು. ಕಾಕು ಅದನ್ನೆಲ್ಲ ಬಾಯಿಬಿಟ್ಟು ಹೇಳಿರಲಿಲ್ಲ, ಮಾಡಿ ತೋರಿಸುತ್ತಿದ್ದಳು, ಅಷ್ಟೆ.

ಹಾಗೆ ಓದುತ್ತ ಒಂದು ಚಿತ್ರದ ಮೇಲೆ ಅವಳ ಕೈ ನಿಂತಿತು. ಕಾಲಿನ ಹೆಬ್ಬೆರಳು, ಉಗುರಿನ ಮೂಲೆ ಮಾಂಸದೊಳಗೆ ಇಳಿದದ್ದು.

"ಅತ್ತಿ, ನಿಮ್ಮ ಬೆರಳ ಹಿಂಗ ಆಗೈತಿ ನೋಡ್ರಿ."

ಮುದುಕಿ ಕಾಲು ಒಳಗೆಳೆದುಕೊಂಡಳು. ಆ ಬೆರಳಿನಿಂದ ಅವಳು ಹೊಲಕ್ಕೆ ಹೋಗುವುದನ್ನೇ ಬಿಟ್ಟಿದ್ದಳಂತೆ. ಮನೆಯವರು ವಯಸ್ಸಾಯಿತು, ವಾತ ಎಂದುಕೊಂಡಿದ್ದರು. ಕೀವು ಇದ್ದರೆ ಮುಟ್ಟಬೇಡಿ, ಡಾಕ್ಟರ ಹತ್ತಿರ ಕಳಿಸಿ ಎಂದಿತ್ತು ಪುಸ್ತಕ. ಇಬ್ಬರೂ ಬಗ್ಗಿ ನೋಡಿದೆವು. ಕೀವು ಇರಲಿಲ್ಲ, ಬರಿ ಒತ್ತಿಕೊಂಡು ಕೆಂಪಾಗಿತ್ತು.

"ಆಯಿ, ನಾ ತೆಗೀಲೇನ್ರಿ?" ಎಂದೆ.

ಅವಳು ಸೊಸೆಯ ಮುಖ ನೋಡಿದಳು. ಸೊಸೆ, "ಆಕಿ ಕೈ ನನ್ನ ಕೈಗಿಂತ ಹಗುರ ಐತ್ರಿ," ಎಂದಳು.

ನನ್ನ ಚೀಲದಲ್ಲಿದ್ದ ಸಾಮಾನು ಕುದಿಸಿಕೊಂಡು, ಉಪ್ಪು ಹಾಕಿದ ಬಿಸಿನೀರಿನಲ್ಲಿ ಕಾಲು ಇಡಿಸಿದೆವು. ನೆನೆದು ಮೆತ್ತಗಾದ ಮೇಲೆ ನಾನು ಸ್ವಲ್ಪ ಸ್ವಲ್ಪವಾಗಿ ಮೂಲೆಯನ್ನು ಎತ್ತಿದೆ. ಕಣ್ಣೆಲ್ಲ ಮುದುಕಿಯ ಹುಬ್ಬಿನ ಮೇಲೆ. ಒಮ್ಮೆ ಹುಬ್ಬು ಕೂಡಿತು, ನಿಲ್ಲಿಸಿದೆ. ಅದು ಬಿಚ್ಚಿದ ಮೇಲೆ ಮತ್ತೆ ಹಿಡಿದೆ. ಉಗುರಿನ ಚೂರು ಹೊರಗೆ ಬಂದಾಗ ಅವಳು ಬಾಯಿಯಿಂದ ಉಸಿರು ಬಿಟ್ಟಳು.

"ಹಗುರ ಆತು," ಎಂದಳು. ಆಮೇಲೆ ಏಳಲು ಹೋಗಿ, ಅಭ್ಯಾಸ ತಪ್ಪಿದ ಕಾಲು ತಡಬಡಿಸಿ, ನನ್ನ ಕಡೆ ಕೈ ಚಾಚಿದಳು. "ಹಿಡಿ ನೋಡುನು." ಹಿಡಿದು ಎಬ್ಬಿಸಿದೆ. ಕಟ್ಟೆಯ ಈ ತುದಿಯಿಂದ ಆ ತುದಿಗೆ ನಡೆಯುವ ತನಕ ಅವಳು ನನ್ನ ಕೈ ಬಿಡಲಿಲ್ಲ.

ಆ ಸಂಜೆ ಅಪ್ಪನಿಗೆ ಎಲ್ಲ ಹೇಳಿದೆ, ಕಪ್ಪಿನ ಸಂಗತಿಯನ್ನೂ.

"ಕಾಲು ಯಾರರ ಕೊಡ್ತಾರ," ಎಂದ ಅಪ್ಪ.

"ಕೈನೂ ಕೊಟ್ಳು."

ಅವನು ಚೊಂಬಿನ ನೀರು ಕುಡಿದು ಕೆಳಗಿಟ್ಟ. "ನನ್ನ ಕೈಲೆ ನೀರ ಕುಡಿಯೋರೂ ಅದಾರ, ಕುಡೀದವರೂ ಅದಾರ. ನಾ ಎಲ್ಲಾ ಗ್ಲಾಸ್ ಒಂದ ನಮೂನಿ ತೊಳದು ಇಡ್ತೇನಿ. ಅಷ್ಟ ನನ್ನ ಕೆಲಸ." ಆಮೇಲೆ, "ಮುಂದಿನ ಶನಿವಾರ ಹೋಗತಿ?" ಎಂದು ಕೇಳಿದ.

"ಹೋಗ್ತೇನಿ."

"ಹೋಗು."

ಹೀಗೆ ಅವಳ ಕ್ಲಾಸು ಮನೆಗೇ ಬಂತು. ವಾರವಿಡೀ ನಿಪ್ಪಾಣಿಯಲ್ಲಿ ಕಾಕು ಕಲಿಸಿದ್ದನ್ನು ನಾನು ಶನಿವಾರ ಅವಳ ಕೈ ಮೇಲೆ ಮಾಡಿ ತೋರಿಸುತ್ತಿದ್ದೆ, ಅವಳು ನನ್ನ ಕೈ ಮೇಲೆ ಮಾಡುತ್ತಿದ್ದಳು. ಅವಳು ಪುಸ್ತಕ ಓದಿ ಹೇಳಿದ್ದನ್ನು ನಾನು ಸೋಮವಾರ ಕಾಕುವಿನ ಮುಂದೆ ಕೇಳುತ್ತಿದ್ದೆ. "ಇದು ಯಾರು ಹೇಳಿದರು?" ಎಂದು ಕಾಕು ಒಮ್ಮೆ ಕೇಳಿದಳು. ಬೋರಗಾಂವದಾಕಿ ಎಂದೆ. ಮರುವಾರ ಕಾಕು ತಾನು ಬಳಸಿ ಬಿಟ್ಟಿದ್ದ ಒಳ್ಳೆಯ ಕತ್ತರಿಯೊಂದನ್ನು ಅವಳಿಗೆ ಕೊಡು ಎಂದು ನನ್ನ ಚೀಲಕ್ಕೆ ಹಾಕಿದಳು.

ಗೆಳತಿ ತನ್ನದೇ ಹೆಸರಿನಲ್ಲಿ ಅಂಚೆಯ ಕೋರ್ಸಿಗೆ ಸೇರಿದಳು. ಉತ್ತರಗಳನ್ನು ಅಡಿಗೆಮನೆಯಲ್ಲಿ ಬರೆದಳು. ಮುದುಕಿಯ ಕಾಲು, ಮಗ್ಗದವರ ಹೆಂಡಂದಿರ ಕೈ, ನಾದಿನಿಯರ ಕೈ ಎಲ್ಲದರ ಮೇಲೂ ಕಲಿತಳು. ನನ್ನನ್ನು ಮೂರನೇ ಶನಿವಾರವೋ ನಾಲ್ಕನೆಯದೋ ಮುದುಕಿ ಒಳಗೆ ಪಡಸಾಲೆಗೆ ಕರೆದಳು, ಬಿಸಿಲು ಬಹಳ ಇದೆ ಎಂಬ ಕಾರಣ ಹೇಳಿ. ಕಪ್ಪು ಮಾತ್ರ ಅದೇ ಇತ್ತು. ಗೆಳತಿಯ ಮನಸ್ಸಿಗೆ ಅದು ಹತ್ತಿತ್ತು. ಒಂದು ಸಲ ತನ್ನ ಚಹಾವನ್ನೂ ಅಂಥದೇ ಕಪ್ಪಿನಲ್ಲಿ ತಂದುಕೊಂಡು ಕೂತಳು. ಮುದುಕಿ ನೋಡಿ ನೋಡದಂತೆ ಇದ್ದಳು. ಹೆರಿಗೆಯಾದ ಮೇಲೆ ನಾನು ಕೂಸು ನೋಡಲು ಹೋದಾಗ, ಅದನ್ನು ನನ್ನ ಮಡಿಲಿಗೆ ಹಾಕಿದವಳು ಆ ಮುದುಕಿಯೇ. "ಉಗುರ ಬೆಳದಾವ, ಮಾರಿ ಪರಚಕೊಳ್ಳಾಕತ್ತೈತಿ. ನೀನ ತೆಗಿ," ಎಂದಳು. ಕೂಸಿನ ಉಗುರು ತೆಗೆದಷ್ಟು ಹೆದರಿಕೆಯಿಂದ ನಾನು ಯಾವ ಉಗುರನ್ನೂ ತೆಗೆದಿಲ್ಲ.

ಕ್ಲಾಸು ಮುಗಿದ ಮೇಲೆ ನಾನು ಚಿಕ್ಕೋಡಿಯ ಬಸ್‌ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಸಣ್ಣ ಕೋಣೆ ಹಿಡಿದೆ. ಮೊದಲು ನಮ್ಮ ಓಣಿಯವರು ಬಂದರು, ಆಮೇಲೆ ಕಾಲೇಜಿನ ಹುಡುಗಿಯರು, ಆಮೇಲೆ ಅವರ ಅಕ್ಕಂದಿರು, ಅತ್ತಿಗೆ ವೈನಿಯರು. ಬಾಗಿಲಲ್ಲಿ ನಿಂತು ಕೇಳಿ ತಿಳಿದುಕೊಂಡು ಹಿಂದಿರುಗಿದವರೂ ಇದ್ದರು. ಬರುವವರ ಕೈಗಳೇ ಸಾಕಷ್ಟಿದ್ದವು, ಹೋದವರನ್ನು ನೆನೆಯಲು ಹೊತ್ತಿರುತ್ತಿರಲಿಲ್ಲ. ಅವ್ವ ಆಗಾಗ ಬಂದು ಮೂಲೆಯಲ್ಲಿ ಕೂರುತ್ತಿದ್ದಳು. ಗಿರಾಕಿ ಇಲ್ಲದಾಗ ತಾನೇ ಕೈಗಳನ್ನು ಬೋಗುಣಿಯಲ್ಲಿ ಇಟ್ಟುಕೊಂಡು, ಕಣ್ಣು ಮುಚ್ಚಿ, ಅಲುಗಾಡದೆ ಕೂತಿರುತ್ತಿದ್ದಳು.

ಗೆಳತಿ ಅಂಗಡಿ ಇಡಲಿಲ್ಲ, ಇಡಲು ಮನೆಯವರು ಬಿಡಲೂ ಇಲ್ಲ. ಆದರೆ ಬೋರಗಾಂವದ ಆ ಪಡಸಾಲೆಗೇ ಸುತ್ತಲಿನ ಊರಿನ ಮದುಮಕ್ಕಳು ಬರತೊಡಗಿದರು. ಅಂಚೆಯಲ್ಲಿ ಬಂದ ಸರ್ಟಿಫಿಕೇಟಿಗೆ ಅವಳ ಗಂಡ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದ.

ನನ್ನ ಹತ್ತಿರ ಹುಡುಗಿಯರು ಕೇಳಿಕೊಂಡು ಬರುತ್ತಿದ್ದರು: ಅಕ್ಕಾ, ಅಂಚೆಯಲ್ಲಿ ಕಲಿಯೋಣವೋ, ಕ್ಲಾಸಿಗೆ ಹೋಗೋಣವೋ? ಕ್ಲಾಸಿಗೆ ಹೋಗು ಎಂದೇ ನಾನು ಹೇಳುತ್ತಿದ್ದೆ. ಮುಗಳಖೋಡದ ಒಬ್ಬಳು, "ಹೋಗಾಕ ಆಗಲಿಲ್ಲ ಅಂದ್ರ?" ಎಂದು ಕೇಳಿದಳು. ಅವಳ ಅವ್ವ ಹಾಸಿಗೆ ಹಿಡಿದಿದ್ದಳು, ಮನೆ ಬಿಟ್ಟು ಬರುವಂತಿರಲಿಲ್ಲ. ಪುಸ್ತಕ ತರಿಸಿಕೋ ಎಂದೆ, ಆದರೆ ಒಬ್ಬಳೇ ಓದಬೇಡ, ನಿನ್ನ ತಪ್ಪಿಗೆ ಥಟ್ಟನೆ ಕೈ ಎಳೆದುಕೊಳ್ಳುವ ಒಬ್ಬ ಗೆಳತಿಯನ್ನು ಎದುರಿಗೆ ಕೂರಿಸಿಕೋ ಎಂದೆ. ಅವಳು ಹಾಗೇ ಕಲಿತಳು. ಅವಳ ಅವ್ವನ ಕೈಯ ಉಗುರುಗಳು ಕೊನೆಯ ತನಕ ಚಂದ ಇದ್ದವೆಂದು ಆಮೇಲೆ ಯಾರೋ ಹೇಳಿದರು.

ಎಷ್ಟೋ ವರ್ಷಗಳ ಮೇಲೆ ಒಂದು ಬೇಸಿಗೆಯಲ್ಲಿ ರಾಯಬಾಗದಲ್ಲಿ ಗೆಳತಿಯ ನಾದಿನಿಯ ಮಗಳ ಮದುವೆ. ಕೆಲಸ ಬಹಳ ಇದೆ, ಒಬ್ಬಳಿಂದ ಆಗುವುದಿಲ್ಲ ಎಂದು ಅವಳು ನನ್ನನ್ನೂ ಕರೆಸಿದಳು. ಮದುಮಗಳನ್ನು ನಡುವೆ ಕೂರಿಸಿಕೊಂಡು ಬಲಗೈ ಅವಳು ಹಿಡಿದಳು, ಎಡಗೈ ನಾನು. ಹುಡುಗಿ ತನ್ನ ಎರಡು ಕೈಗಳನ್ನೂ ಒಟ್ಟಿಗೆ ಹಿಡಿದು ನೋಡಿಕೊಂಡಳು.

"ಎರಡೂ ಒಂದ ಥರಾ ಆಗ್ಯಾವಲ್ಲ. ನೀವಿಬ್ಬರೂ ಒಂದ ಕಡೆ ಕಲ್ತೀರೇನ್ರಿ?"

ನಾನು ನಿಪ್ಪಾಣಿಯಲ್ಲಿ, ಅವಳು ಅಂಚೆಯಲ್ಲಿ ಎನ್ನಲು ಹೋದೆ. ಗೆಳತಿ ಸೀಸೆಯ ಮುಚ್ಚಳ ತಿರುಗಿಸುತ್ತ, "ಹೂಂನವಾ, ಒಂದ ಕಡೆ. ಒಬ್ಬರ ಕೈ ಮ್ಯಾಲ ಒಬ್ಬರು," ಎಂದಳು.

ಹೊರಗಿನಿಂದ ಯಾರೋ ಊಟಕ್ಕೆ ಕರೆದರು. ಬಣ್ಣ ಒಣಗುವ ತನಕ ಏನೂ ಮುಟ್ಟಬೇಡ ಎಂದು ಹುಡುಗಿಗೆ ಹೇಳಿ, ನಾವಿಬ್ಬರೂ ಕೈ ತೊಳೆಯಲು ಹಿತ್ತಲಿಗೆ ಹೋದೆವು.